ದಡೆ

ತೊಫ್ತಿರ್ ಬಂದರಿನ ಕಟ್ಟೆಯಲ್ಲಿ ನಲವತ್ತೆರಡು ವರ್ಷ
ಮೀನು ತೂಗಿದವನು ನಾನು, ದಾವುರ್.
ಕಾಡ್, ಹ್ಯಾಡಕ್, ಒಮ್ಮೊಮ್ಮೆ ಬಾಗಿಲಗಲದ ಹಾಲಿಬಟ್.
ಪೆಟ್ಟಿಗೆಯಡಿ ಐಸು ತುರುಕಿ ತಂದವರನ್ನು
ಸದ್ದಿನಿಂದಲೇ ಹಿಡಿಯುತ್ತಿದ್ದೆ:
ಕೆಳಗಿಟ್ಟಾಗ ಮೀನು ಧಪ್ ಅನ್ನುತ್ತದೆ, ಐಸು ಜರ್ ಅನ್ನುತ್ತದೆ.
ದಡೆ ಕಳೆದೇ ಬರೆಯುತ್ತಿದ್ದೆ ಲೆಕ್ಕ.
ಅಣ್ಣನ ದೋಣಿಗೂ ಅಷ್ಟೇ.

ಈಗ ಹದಿನೈದು ದಿನಕ್ಕೊಮ್ಮೆ
ಪುರಸಭೆಯ ನರ್ಸು ಎಲ್ಸ್ಪಾ ಬರುತ್ತಾಳೆ,
ಕಂಕುಳಲ್ಲಿ ಗಾಜಿನ ತಕ್ಕಡಿ.
ತಕ್ಕಡಿಯೇ ಅದು? ತಟ್ಟೆಯಿಲ್ಲ, ಮುಳ್ಳಿಲ್ಲ,
ಎದುರಿಗೊಂದು ತೂಕದ ಕಲ್ಲಿಲ್ಲ.
ನಿಂತವನ ಹೆಬ್ಬೆರಳ ಮುಂದೆ ಕೆಂಪು ಅಂಕಿ
ಮೂಡಿ, ಯೋಚಿಸಿ, ನಿಲ್ಲುತ್ತದೆ.
ಅರವತ್ತೆಂಟು. ಅರವತ್ತಾರೂವರೆ. ಅರವತ್ಮೂರು.
ತಿಂದಿರಾ, ಅನ್ನುತ್ತಾಳೆ.
ತಿಂದೆ, ಅನ್ನುತ್ತೇನೆ.

ಸುಳ್ಳಲ್ಲ. ಬೆಳಿಗ್ಗೆ ಕಾಫಿಯಲ್ಲಿ ಅದ್ದಿದ ರಸ್ಕು,
ಮಧ್ಯಾಹ್ನ ಹಾಲಲ್ಲಿ ಕಿವುಚಿದ ಆಲೂಗಡ್ಡೆ,
ರಾತ್ರಿ, ಮಧ್ಯಾಹ್ನದ್ದೇ.
ಕೆಳಸಾಲಿನಲ್ಲಿ ನಾಲ್ಕು ಹಲ್ಲು, ಮೇಲೆ ಒಂದು.
ಮುಖ ಕೊಟ್ಟು ಮಾತಾಡುವುದಿಲ್ಲ ಒಂದಕ್ಕೊಂದು,
ಪಾಲಾದ ದಾಯಾದಿಗಳ ಹಾಗೆ.

ಹಿತ್ತಲ ಗಾಳಿಮನೆಯಲ್ಲಿ
ಹಲಗೆಯ ಸಂದಿನಿಂದ ಉಪ್ಪುಗಾಳಿ ನುಗ್ಗಿ
ಅಕ್ಟೋಬರಿನಿಂದ ಒಣಗುತ್ತಿದೆ ಕುರಿಯ ತೊಡೆ,
ಹೊರಗೆ ಬೂದುಬಣ್ಣದ ಬೂಷ್ಟು, ಒಳಗೆ ಕಡುಗೆಂಪು.
ಗಾಳಿಮನೆ ತುಂಬಿದಾಗ ಹಲ್ಲಿಲ್ಲ.
ಕಾಗದದಷ್ಟು ತೆಳ್ಳಗೆ ಕೊಯ್ದರೂ ಅದು ಹಲ್ಲು ಕೇಳುತ್ತದೆ.
ನಾಲಗೆ ಮೇಲಿಟ್ಟು ಚೀಪುತ್ತೇನೆ: ಉಪ್ಪು ಬರುತ್ತದೆ,
ಅಮ್ಮನ ಅಡುಗೆಮನೆ ಬರುತ್ತದೆ,
ಮಾಂಸ ಮಾತ್ರ ಬರುವುದಿಲ್ಲ.
ಉಗುಳಿ ನಾಯಿಗೆ ಹಾಕುತ್ತೇನೆ.
ನಾಯಿ ಮೈ ತುಂಬಿಕೊಂಡಿದೆ. ಎತ್ತಿದರೇ ಗೊತ್ತು,
ಎಂಟುನೂರು ಗ್ರಾಂ ಜಾಸ್ತಿ.

ಕಟ್ಟಿಸಿದ ಹಲ್ಲು ಇಲ್ಲವೆಂದಲ್ಲ.
ಮೊದಲ ವರ್ಷ ಹೇಳಿ ಮಾಡಿಸಿದಂತಿತ್ತು.
ಆಮೇಲೆ ವಸಡು ಕರಗಿತು, ಹಲ್ಲು ಸಡಿಲವಾಯಿತು,
ತಿನ್ನುವುದು ಕಮ್ಮಿಯಾಯಿತು, ಮೈ ಇಳಿಯಿತು,
ಹಲ್ಲು ಇನ್ನೂ ಸಡಿಲವಾಯಿತು.
ಊರವರ ಜೊತೆ ಊಟಕ್ಕೆ ಕೂರುವುದು ಬಿಟ್ಟೆ.
ಎಲ್ಸ್ಪಾ ಗಾಳಿಯಲ್ಲಿ ಬೆರಳಿಂದ ಒಂದು ಸುತ್ತು ಬರೆದು ತೋರಿಸಿದಳು.
ಬೆರಳು ಹೊರಟಲ್ಲಿಗೇ ಬಂದು ನಿಂತಿತು,
ಸ್ವಲ್ಪ ಕೆಳಗೆ.

ತಂಗಿ ಮಾರಿನ್‌ಳ ಕಥೆ ಬೇರೆ.
ಅವಳಿಗೆ ಒಂದೂ ಇಲ್ಲ. ಸಿಹಿಗಂಜಿ, ಬೆಣ್ಣೆ, ಬಿಳಿ ಬ್ರೆಡ್ಡು,
ಬಾಯಲ್ಲಿಟ್ಟರೆ ಕರಗುವ ಕೇಕು.
ಎರಡು ವರ್ಷದಲ್ಲಿ ಹದಿಮೂರು ಕಿಲೋ ಏರಿದಳು,
ಮಂಡಿ ಹಿಡಿದು ಮೆಟ್ಟಿಲಿಳಿಯುತ್ತಾಳೆ.
ರಕ್ತ ಪರೀಕ್ಷೆಯಲ್ಲಿ ಇಬ್ಬರದೂ ಒಂದೇ ಕೊರತೆ, ಕಬ್ಬಿಣ.
ಒಂದೇ ತಕ್ಕಡಿಯ ಎರಡು ತಟ್ಟೆ ನಾವು.
ಮುಳ್ಳು ಇರುವುದು ಬಾಯಲ್ಲಿ.

ಹೋದ ಸಲ ಎಲ್ಸ್ಪಾ ಬರುವ ಮುಂಚೆ
ಗಾಳದ ಸೀಸದ ಗುಂಡು ನಾಲ್ಕು
ಎರಡೂ ಜೇಬಿಗೆ ಇಳಿಸಿದೆ.
ಅರವತ್ತರ ಕೆಳಗಿಳಿದರೆ ವೃದ್ಧಾಶ್ರಮದ ಮಾತು
ಎತ್ತುತ್ತಾರೆಂದು ಕೇಳಿದ್ದೆ.
ಅರವತ್ನಾಲ್ಕು. ಅವಳು ನಕ್ಕಳು, ಬರೆದಳು.
ಹೊಸಿಲು ದಾಟುವಾಗ ತಿರುಗಿ,
‘ನನ್ನಪ್ಪ ನಿಮ್ಮ ಕಟ್ಟೆಗೇ ಮೀನು ತರುತ್ತಿದ್ದ’ ಅಂದಳು.
‘ಗೊತ್ತು. ಐಸು ತುರುಕುತ್ತಿದ್ದ.’
‘ನೀವು ಹಿಡಿಯುತ್ತಿದ್ದಿರಿ.’
ಕೈ ಚಾಚಿ ನಿಂತಳು.
ಒಂದೊಂದಾಗಿ ನಾಲ್ಕನ್ನೂ ಅವಳ ಅಂಗೈಯಲ್ಲಿಟ್ಟೆ.
ಬರೆದದ್ದನ್ನು ಹೊಡೆದುಹಾಕಿ, ದಡೆ ಕಳೆದು,
ಅರವತ್ತೆರಡೂಕಾಲು ಎಂದು ಬರೆದಳು.

ಬೈಯಲಿಲ್ಲ. ಗಾಳಿಮನೆಗೆ ಹೋಗಿ
ತೊಡೆಯಿಂದ ಒಂದು ತುಂಡು ಕೊಯ್ದು ತಂದು
ಜಾಯಿಕಾಯಿ ತುರಿಯುವ ಸಣ್ಣ ತುರಿಮಣೆಯಲ್ಲಿ
ತುರಿದಳು, ಆಲೂಗಡ್ಡೆಯ ಮೇಲೆ.
ಬಿಳಿಯ ಮೇಲೆ ಕೆಂಪು ಹುಡಿ ಬೀಳುತ್ತಾ ಹೋಯಿತು.
ಎಷ್ಟಿದ್ದೀತು, ಕೇಳಿದಳು.
ಚಿಟಿಕೆ ಎತ್ತಿ ನೋಡಿ, ಮೂವತ್ತು ಗ್ರಾಂ ಅಂದೆ.
ಇಪ್ಪತ್ತೆಂಟೂ ಇರಬಹುದು, ಅಭ್ಯಾಸ ತಪ್ಪಿದೆ.

ನಾಯಿ ಮೇಜಿನಡಿ ಕಾಯುತ್ತಲೇ ಇತ್ತು.
ಗುರುವಾರ ಹಲ್ಲಿನ ಡಾಕ್ಟರಂತೆ. ಬಸ್ಸು ಹನ್ನೊಂದಕ್ಕೆ.
ನೋಡೋಣ ಅಂದಿದ್ದೇನೆ.