ಅಲ್ಮೊಆದ

ಟೊರ್ರೆಮೊಲಿನೋಸ್. ಗ್ರಂಥಾಲಯದ ನೆಲಮಾಳಿಗೆ.
ಮಂಗಳವಾರ, ಸಂಜೆ ಏಳು.
ಹದಿನೇಳು ಕೋಣೆಗಳ ಹಾಸಿಗೆ ಬದಲಿಸಿ ಬಂದ ಕೈ
ಪೆನ್ಸಿಲನ್ನು ಪೊರಕೆಯ ಹಾಗೆ ಹಿಡಿದಿದೆ.

ಮೊದಲ ಪಾಠ, ಕ್ಷಮೆ.
ದಿಸ್ಕುಲ್ಪೆ: ಬಾಗಿಲು ತಟ್ಟಿದ್ದಕ್ಕೆ.
ಪೆರ್ದೋನೆ: ತಟ್ಟದೆ ಇದ್ದದ್ದಕ್ಕೆ.
ಲೊ ಸಿಯೆಂತೊ: ನಲ್ಲಿಯಲ್ಲಿ ಬಿಸಿನೀರು ಬಾರದ್ದಕ್ಕೆ,
ಕಿಟಕಿಯಿಂದ ಕಡಲು
ಇನ್ನೂ ಒಂಚೂರು ಕಾಣದ್ದಕ್ಕೆ.
ರ್ಹೀಮೊ ಎಲ್ಲ ಬರೆದುಕೊಂಡಳು.
ಸೊಂಟ ನೋಯುತ್ತಿದೆ ಅನ್ನುವುದು ಎಷ್ಟನೇ ಪಾಠ?
ಪುಟ ತಿರುವಿ ನೋಡಿದಳು,
ಕೊನೆಯ ಪುಟದವರೆಗೂ.

ಟೀಚರ್ ಎಂಕಾರ್ನ ಒಳ್ಳೆಯವಳು.
ಬಾದಾಮಿ ಬಿಸ್ಕತ್ತಿನ ಡಬ್ಬಿ ತರುತ್ತಾಳೆ,
ಸೆನೆಗಲಿನ ಬಾಬಕರನಿಗೆ ಎರಡು ಹೆಚ್ಚು.
ಹಲಗೆಯ ಮೇಲೆ ಮಂಚ ಬರೆದು
ಒಂದೊಂದೇ ಪದರ ಮುಟ್ಟಿ ಹೇಳುತ್ತಾಳೆ:
ಕೋಲ್ಚ, ಮಾಂತ, ಸಾಬನ.
ತಲೆಯ ಕೆಳಗಿನದು, ಎಲ್ಲರೂ ಹೇಳಿ,
ಅಲ್ಮೊಆದ.

ರ್ಹೀಮೊ ನಕ್ಕುಬಿಟ್ಟಳು, ಡಬ್ಬಿ ಅಲುಗುವಷ್ಟು.
ಮ್ಖದ್ದ!
ಲರಾಶಿನ ಮನೆಯಲ್ಲಿ
ಹರಿದ ಸ್ವೆಟರುಗಳ ತುರುಕಿ ಅಜ್ಜಿ ಹೊಲಿದ
ಆ ಗಂಟುಗಂಟು ದಿಂಬು
ಯಾವ ದೋಣಿ ಹತ್ತಿ ಬಂತು ಈ ಊರಿಗೆ?
ಅದರ ಕಾಗದಪತ್ರ ಯಾರು ನೋಡಿದರು?

ಆಮೇಲೆ ಒಂದೊಂದೇ ಸಿಕ್ಕಿಬಿದ್ದವು,
ಊಟದ ಹಾಲಿನ ಪಟ್ಟಿಯಲ್ಲಿ.
ಅಸೂಕರ್, ಅಂದರೆ ಸಕ್ಕರೆ.
ಅಸೆಯ್ತೆ, ಅವಳ ಜೀತ್, ಆಲಿವಿನ ಎಣ್ಣೆ.
ತಾಸ ಎಂಬ ಬಟ್ಟಲು.
ಬಿಳಿ ಏಪ್ರನ್ ಕಟ್ಟಿಕೊಂಡು
ಗುರುತೇ ಸಿಗದ ಹಾಗೆ ಸಾಲಾಗಿ ನಿಂತಿದ್ದಾರೆ
ಎಂದೋ ಮನೆಬಿಟ್ಟ ದೊಡ್ಡಪ್ಪನ ಮಕ್ಕಳು.

"ಅಲ್ಮೊಆದ ನಮ್ಮ ಮಾತು," ಅಂದಳು ಎಂಕಾರ್ನ.
"ಹೌದು, ನಮ್ಮದು," ಅಂದಳು ರ್ಹೀಮೊ.
ಇಬ್ಬರೂ ಬಿಸ್ಕತ್ತು ತಿಂದರು.

ಅವಳ ನೋಟುಬುಕ್ಕಿನಲ್ಲಿ
ಸ್ಪ್ಯಾನಿಷ್ ಎಡದಿಂದ ಹೊರಡುತ್ತದೆ,
ಅರಬ್ಬಿ ಬಲದಿಂದ.
ನಡುವೆ ಪಿನ್ನು ಹೊಡೆದ ಮಡಿಕೆಯ ಹತ್ತಿರ
ಹೆಚ್ಚಿನ ಪದಗಳು ಮುಖ ನೋಡದೆ ನಿಲ್ಲುತ್ತವೆ.
ಈ ಒಂದು ಸಾಲಿನಲ್ಲಿ ಮಾತ್ರ
ಹಣೆಗೆ ಹಣೆ ತಾಗಿತು.

ಬುಧವಾರ. ನಾನೂರ ಹನ್ನೆರಡರ ಅತಿಥಿಗಳು
ಬೆಳಗಿನ ಬಸ್ಸಿಗೇ ಹೋಗಿದ್ದಾರೆ,
ಜೊತೆಗೆ ಒಂದು ದಿಂಬೂ.
ಗೋಬೆರ್ನಾಂತ ಬಂದಳು.
(ಆಳುವವಳು ಎಂದೇ ಅರ್ಥ,
ಟವೆಲು ಎಣಿಸುವ ಕೆಲಸಕ್ಕೆ ಅಷ್ಟು ದೊಡ್ಡ ಹೆಸರು.)
"ಫಾಲ್ತ ಉನ ಅಲ್ಮೊಆದ."

ಫಾಲ್ತ ಅಂದರೆ ಇಲ್ಲ.
ಫಾಲ್ತ ಅಂದರೆ ತಪ್ಪು ಕೂಡ.
ಎರಡೂ ನಿನ್ನೆಯ ಪುಟದಲ್ಲಿವೆ.

ನಾಲಿಗೆಯ ತುದಿಗೆ ಬಂದಿದ್ದ ದಿಸ್ಕುಲ್ಪೆಯನ್ನು
ಹಲ್ಲಿನ ಹಿಂದೆಯೇ ಹಿಡಿದು,
"ಸೀ," ಅಂದಳು ರ್ಹೀಮೊ, "ಫಾಲ್ತ."

ನಾನೂರ ಹದಿಮೂರರ ಕಡೆಗೆ
ಗಾಡಿ ತಳ್ಳಿದಳು. ಒಂದು ಚಕ್ರ
ಯಾವ ಭಾಷೆಯಲ್ಲೋ ಕೀರುತ್ತಿತ್ತು.