ಹತ್ತು ಬಿಳಿ ಅಂಗಿ

ಸೋಮಾರ ಮುಂಜಾನಿ ಹತ್ತು ಬಿಳಿ ಅಂಗಿ.
ಐದು ಸಣ್ಣವು, ಐದು
ನನ್ನಂಥೋರು ಇಬ್ಬರು ಹಿಡಿಯೋವಷ್ಟು ದೊಡ್ಡವು.
ಮಂಗಲಪೇಟಿ ಮೂಲಿಗೆ ಬೇವಿನ ಗಿಡದ ಬುಡಕ
ನನ್ನ ಬಂಡಿ. ಇಸ್ತ್ರಿಪೆಟ್ಟಿಗಿ ನಮ್ಮಪ್ಪಂದು, ಕೆಂಡ ಇವತ್ತಿಂದು.

ದೊಡ್ಡ ಪೋರ ಸಮುದ್ರದ ನಡುವಿನ ಯಾವುದೋ ದೇಶದವ,
ಟೋಂಗಾ ಅಂತ.
ಸಣ್ಣವ ರಾಜಮಂಡ್ರಿ ಕಡೆಯವ, ದಾಸರಿ.
ಒಬ್ಬವ ನೀರು ಕುಡಿಯಲಿಕ್ಕೆ ಹೋದ್ರ ಇನ್ನೊಬ್ಬವ
ನಳದ ತನಕ ಹೋಗಿ ನಿಲ್ತಿದ್ದ.
ಜೋಡೆತ್ತು ಹಂಗ, ಅಂದೆ. ದಾಸರಿ ತಿಳಿಸಿ ಹೇಳಿದ.
ದೊಡ್ಡವ ನಕ್ಕು ಹೆಗಲು ಮುಟ್ಟಿ ತೋರಿಸಿದ:
ನೊಗ ಇಲ್ಲಿ.

ಎದಿ ಮ್ಯಾಲಿನ ಕರಿ ಪಟ್ಟಿ ನನ್ನ ಮಗಳು ಓದಿದಳು,
ಎಲ್ಡರ್ ಫಿಫಿತಾ.
ಎಲ್ಡರ್ ಅಂದ್ರ ಹಿರಿಯ, ಅಪ್ಪಾ.
ಹಿರಿಯಾಗ ವಯಸ್ಸೆಷ್ಟು? ಹತ್ತೊಂಬತ್ತು.
ನನಗ ಐವತ್ತಾರು. ಅವ ನನಗ ಝರೆಪ್ಪ ಕಾಕಾ,
ನಾ ಅವಗ ಹಿರ್ಯಾರ. ಇಬ್ಬರಿಗೂ ನಗಿ.

ಚಹಾ ಬ್ಯಾಡಂದ್ರ ಬೀದರದಾಗ ಜಗಳ ಅಂತ ಅರ್ಥ.
ಖದೀರ ಮೂರು ಸಲ ತಂದ, ಅದ್ರಕ್ ಹಾಕಿ, ಮಲಾಯಿ ಹಾಕಿ.
ಮೂರು ಸಲಾನೂ ಪೋರ ಎದಿ ಮ್ಯಾಲ ಕೈ ಇಟ್ಟು ತಲಿ ಬಗ್ಗಿಸಿದ.
ನಾಲ್ಕನೇ ಸಲ ಖದೀರ ಬರೀ ಬಿಸಿ ಹಾಲು ತಂದು
ಬಡದಂಗ ಇಟ್ಟ. ಕುಡದ.
ಮೀಸಿ ಇಲ್ಲದ ಮೋತಿ ಮ್ಯಾಲ ಬಿಳಿ ಮೀಸಿ.
ತಿಂಗಳ ಮೊದಲ ಐತಾರ ಅವ ನೀರೂ ಮುಟ್ಟಂಗಿಲ್ಲ ಅಂತ ತಿಳಿದ ಮ್ಯಾಲ
ಖದೀರನ ಸಿಟ್ಟು ಪೂರಾ ಇಳೀತು.
ರೋಜಾ, ಅಂದ. ಅಷ್ಟ ಸಾಕಾತು.

ಅಂಗಿ ಎಲ್ಲಾ ಹೇಳ್ತಾವ.
ಬೆನ್ನಿನ ಕೆಂಪು ಧೂಳು: ಚಿದ್ರಿ ತನಕ ನಡದಾರ.
ಪ್ಯಾಂಟಿನ ಮೊಣಕಾಲು ಎರಡೂ ಒಂದ ನಮೂನಿ ಹೊಳೀತಿದ್ದವು,
ದಿನಾ ಎಷ್ಟೊತ್ತು ಊರ್ತಿದ್ದನೋ.
ಜೇಬಿನ ಮ್ಯಾಲ ಪಿನ್ನಿಂದು ಎರಡು ತೂತು,
ಎಷ್ಟು ತಿಕ್ಕಿದ್ರೂ ಮುಚ್ಚಂಗಿಲ್ಲ.

ಒಂದು ಅರಿವಿ ಮಾತ್ರ ನನ್ನ ಬಂಡಿಗಿ ಬರಲಿಲ್ಲ.
ಒಳಗ ಹಾಕ್ಕೊಳ್ಳೋದು. ತಾವೇ ಒಗದು ತಾವೇ ಒಣಗಸ್ತಿದ್ದರು,
ಮಾಳಗಿ ಮ್ಯಾಲಲ್ಲ, ಖೋಲ್ಯಾಗ.
ಕೇಳಬೇಕಂತ ಒಮ್ಮೆ ಬಾಯಿ ತನಕ ಬಂತು.
ಕೈ ತಾನ ಹೋಗಿ
ನನ್ನ ಬನಿಯನ್ ಒಳಗಿನ ತಾಯತ ಮುಟ್ಟಿತು.
ಬಿಟ್ಟೆ.

ಅವನೂ ನನಗೇನೂ ಹೇಳಲಿಲ್ಲ. ಕೇಳದವರಿಗೆ
ಹೇಳೋ ಹಂಗಿಲ್ಲಂತ, ದಾಸರಿ ಅಂದ.
ಚೀಲದಾಗ ನೀಲಿ ಪುಸ್ತಕ ಇತ್ತು. ಚೀಲದಾಗೇ ಇತ್ತು.

ದಸರಾ ಮುಂದ ಒಂದು ಬುಧವಾರ, ಅಂಗಿ ದಿನ ಅಲ್ಲ,
ಇಬ್ಬರೂ ಬಂದು ನಿಂತರು. ದೊಡ್ಡವನ ಕೈಯಾಗ ಒಂದ ಅಂಗಿ.
ಅವರಜ್ಜಿ ಹೋದಳಂತ. ರಾತ್ರಿ ಫೋನ್ ಬಂತಂತ.
ಊರಿಗಿ?
ಎರಡು ವರ್ಷ ತುಂಬಲಿ.
ಯಾರು ಬ್ಯಾಡಂದಾರ?
ಪೋರ ತನ್ನ ಎದಿ ಮುಟ್ಟಿ ತೋರಿಸಿದ.

ಆಮ್ಯಾಲ ಇಸ್ತ್ರಿಪೆಟ್ಟಿಗಿ ಕಡೆ ಬಟ್ಟು ಮಾಡಿದ.
ಮೂವತ್ತು ವರ್ಷದಾಗ ಅದನ್ನ ಮಂದಿ ಕೈಗೆ ಕೊಟ್ಟವ ಅಲ್ಲ ನಾ.
ಕೊಟ್ಟೆ.
ನೀರಾಗ ಬಟ್ಟು ಅದ್ದಿ ಚುರ್ ಅನ್ನಿಸಿ ನೋಡಿದ, ಬಲ್ಲವರ ಹಂಗ.
ಮೊದಲ ಕಾಲರ್, ಆಮ್ಯಾಲ ಹೆಗಲು, ತೋಳು.
ಐತಾರಕ್ಕಂತ ಆಕಿ ಒಂಬತ್ತು ಮಂದಿ ಅರಿವಿ ತಿಕ್ಕತಿದ್ದಳಂತ,
ಇಂಥದ ಪೆಟ್ಟಿಗಿ, ತೆಂಗಿನ ಚಿಪ್ಪಿನ ಕೆಂಡ.
ಅಳ್ತಾನಂತ ಮಾಡಿದ್ದೆ. ಹಾಡೊಂದು ಗುನುಗಿದ,
ಅರ್ಧಕ್ಕ ಬಿಟ್ಟು ಗುಂಡಿ ಹಾಕಿದ.
ಒಂದು ಗುಂಡಿ ತಪ್ಪಿತ್ತು. ನಾ ಸರಿ ಮಾಡಲಿಲ್ಲ.

ಆರು ವಾರಕ್ಕೊಮ್ಮೆ ಎಲ್ಲಿಂದಲೋ ಫೋನ್, ಊರು ಬದಲಿ.
ಹೈದರಾಬಾದ್ ಗಾಡಿ ನಸುಕಿನ್ಯಾಗ. ರೊಕ್ಕ ಹಿಂದಿನ ದಿನಾನ ಕೊಟ್ಟಿದ್ದ,
ಹತ್ತು ರೂಪಾಯಿ ಹೆಚ್ಚಿಗಿ. ಮಗಳ ಕೈಲಿ ಹೊಳ್ಳಿ ಕಳಿಸಿದೆ,
ಅವ ಅದನ್ನ ಆಕಿ ಕೈಯಾಗೇ ಬಿಟ್ಟ.

ಈಗ ಹತ್ತೂ ಸಣ್ಣ ಅಂಗಿ.
ಬಂಡಿ ಮ್ಯಾಲ ಜಾಗ ಉಳೀತದ.
ಹೊಸ ಹಿರಿಯಾಗ ಖದೀರ ಕೇಳದೇ ಹಾಲು ತರ್ತಾನ.
ನಾ ಕೆಂಡ ಊದ್ತೀನಿ, ಜಾಲಿ ಇದ್ದಿಲು,
ತೆಂಗಿನ ಚಿಪ್ಪು ಇಲ್ಲೆಲ್ಲಿ ಸಿಗ್ತಾವ.
ಒಂದು ಕೇಳೋದಿತ್ತು. ದೇವರ ಸುದ್ದಿ ಅಲ್ಲ,
ಆ ಹಾಡಿನ ಉಳದರ್ಧ.