ಎರಡು ಕ್ಯಾನು ನೀರು

ಈಗಲೇ ಬೇಡ, ಸೆನೋಗ. ಚೊಂಬು ಕೆಳಗಿಡು.
ಎಂಜಿನ್ನು ಇನ್ನೂ ಟಿಕ್ ಟಿಕ್ ಅನ್ನುತ್ತಿದೆ, ಕೇಳು,
ಬೆಳಗಿಂದ ಹೊತ್ತವರ ತೂಕ ಕೂಡಿಸುತ್ತಿರುವ ಹಾಗೆ.
ಕಾದ ಲೋಹಕ್ಕೆ ತಣ್ಣೀರು ಎರಚಬಾರದು.
ಬೇಯೋ ತನಕ ಇದ್ದವನಿಗೆ ಆರೋ ತನಕ ಇರಕ್ಕಾಗಲ್ವಾ?
ಕೂತುಕೋ. ಜೋಳದ ತೆನೆ ಮುಗಿಸು.

ಬ್ವೈಸೆಯಲ್ಲಿ ಮಳೆ ಬಂದರೆ ನೀರು ಕೇಳದೆಯೇ ಒಳಗೆ ಬರುತ್ತದೆ,
ಮಂಚದ ಕಾಲು ಮುಳುಗಿಸುತ್ತದೆ.
ಮಳೆ ನಿಂತ ಮರುದಿನ ನಲ್ಲಿಯ ಮುಂದೆ ಸಾಲು,
ಕ್ಯಾನಿಗಿಷ್ಟು ಅಂತ ದುಡ್ಡು.
ಇವತ್ತು ನಮ್ಮ ಪಾಲಿಗೆ ಎರಡು ಹಳದಿ ಕ್ಯಾನು.
ಒಂದು ಗಾಡಿಗೆ. ಇನ್ನೊಂದು ನಿನಗೆ, ನನಗೆ, ನಿಮ್ಮಜ್ಜಿಗೆ,
ಮಟೋಕೆ ಬಾಳೆಕಾಯಿ ಬೇಯುವುದಕ್ಕೆ.
ಅದಕ್ಕೇ ಮೇಲಿನಿಂದ ಶುರು. ತಲೆಗೆರೆದ ನೀರೇ ಕಾಲಿಗೂ ಆಗಬೇಕು.

ಸೈಲೆನ್ಸರಿನ ಬಾಯಿಗೆ ಚಿಂದಿ ತುರುಕು,
ಮೇಲೊಂದು ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡು.
ಕೀ ತೂತಿಗೆ, ಸ್ವಿಚ್ಚಿಗೆ, ಸೀಟಿನಡಿಯ ಗಾಳಿಡಬ್ಬಿಗೆ
ನೀರು ರಾಚಬೇಡ.
ಕೂಸಿಗೆ ಎರೆಯುವವರು ಕಿವಿಗೆ ಅಂಗೈ ಅಡ್ಡ ಹಿಡಿಯುತ್ತಾರಲ್ಲ,
ಹಾಗೆ.

ಮೊದಲು ನೆನೆಸು, ಆಮೇಲೆ ಉಜ್ಜು.
ಒಣಮಣ್ಣು ಉಜ್ಜಿದರೆ ಟ್ಯಾಂಕಿನ ಮೈಯೆಲ್ಲ ಗೀರು.
ಈ ಕೆಂಪು, ವಾಕಿಸೋ ದಾರಿಯದು:
ಒಬ್ಬ ಪಾದ್ರಿ, ಎರಡು ಕೋಳಿ, ಮೂವರೂ ಸುಮ್ಮನೆ ಕೂತಿದ್ದರು.
ಈ ಕಪ್ಪು, ನಮ್ಮದೇ ಚರಂಡಿಯದು.
ಇಲ್ಲಿ ಮಿನುಗುತ್ತಿದೆಯಲ್ಲ, ಅದು ಮೀನಿನ ಹುರುಪೆ.
ಗಾಬಾ ದಂಡೆಯ ಹೆಂಗಸು, ಬುಟ್ಟಿ ತೊಡೆಯ ಮೇಲೆ,
ಹೆಣ್ಣಾಳು ಓಡಿಸುವ ಗಾಡಿ ಅಂತ ಐನೂರು ಶಿಲಿಂಗು ಇಳಿಸಿದಳು.
ಇಳಿದ ಮೇಲೆ, ಅದೇನು ಅನ್ನಿಸಿತೋ,
ಒಂದು ಮೀನು ಹೆಚ್ಚಿಗೆ ಕೊಟ್ಟಳು.

ಚಕ್ರದ ಬಟ್ಟೆ ಟ್ಯಾಂಕಿಗೆ ತಾಗಿಸಬೇಡ.
ಟ್ಯಾಂಕಿಗೆ ನನ್ನ ಹಳೆಯ ಗೊಮೆಸಿಯ ಸೊಂಟಪಟ್ಟಿ,
ಮದುವೆಗಳಿಗೆ ಉಟ್ಟದ್ದು, ಮೆತ್ತಗಿದೆ.

ಈಗ ಚೈನು. ಬಾ. ಅಲ್ಲ, ನಿಲ್ಲು.
ಕೀ ಎಲ್ಲಿದೆ, ಹೇಳು.
ನನ್ನ ಹಲ್ಲಿನ ನಡುವೆ. ಹೌದು, ಅದಕ್ಕೇ ಮಾತು ತೊದಲುತ್ತಿದೆ.
ಚೈನಿಗೆ ಕೈ ಹಾಕುವಾಗ ಅದು ಇಲ್ಲೇ ಇರಬೇಕು.

ಈ ಬೆರಳು ಮೊಸಳೆ ತಿಂದಿತು ಅಂದಿದ್ದೆ ನಿನಗೆ.
ನೀನು ಶಾಲೆಗೆಲ್ಲ ಸಾರಿದೆ,
ವರ್ಷಕ್ಕೊಂದು ಮೊಳ ಉದ್ದ ಮಾಡಿದೆ ಮೊಸಳೆಯನ್ನು.
ಮೊಸಳೆ ಇರಲಿಲ್ಲ.
ಶನಿವಾರ ಇತ್ತು. ಕಂತು ಕಟ್ಟುವ ಅವಸರ ಇತ್ತು.
ಗಾಡಿ ಸ್ಟ್ಯಾಂಡಿನ ಮೇಲೆ, ಎಂಜಿನ್ನು ಗೇರಿನಲ್ಲಿ,
ಚಕ್ರ ತಾನೇ ತಿರುಗಲಿ, ಬಟ್ಟೆ ಹಿಡಿದರೆ ಸಾಕು ಅಂದುಕೊಂಡೆ.
ಚೈನು ಮೊದಲು ಬಟ್ಟೆ ಕೇಳಿತು. ಆಮೇಲೆ ಕೈ.
ತುಂಡು ಎಲ್ಲಿ ಬಿತ್ತೆಂದು ಮಂಡಿಯೂರಿ ಹುಡುಕಿದವಳು ನಿಮ್ಮಜ್ಜಿ.
ಸಿಕ್ಕಿತೋ ಇಲ್ಲವೋ
ಇವತ್ತಿಗೂ ಹೇಳಿಲ್ಲ.
ಕಂತು ಸೋಮವಾರ ಕಟ್ಟಿದೆ.

ಹೀಗೆ ನೋಡು. ಎಂಜಿನ್ನು ಸತ್ತಿರಬೇಕು, ಗೇರು ನ್ಯೂಟ್ರಲ್ಲಿನಲ್ಲಿ.
ಚಕ್ರವನ್ನು ಕೈಯಲ್ಲೇ ತಿರುಗಿಸು, ನಿಧಾನ,
ಒಂದು ಗೇಣು ಒರೆಸು, ನಿಲ್ಲಿಸು, ಮತ್ತೊಂದು ಗೇಣು.
ಒಣಗಿದ ಮೇಲೆ ಎಣ್ಣೆ, ಕೊಂಡಿಗೊಂದು ಹನಿ.
ಬ್ರೇಕಿನ ಕಡೆ ಆ ಡಬ್ಬಿ ತಿರುಗಿಯೂ ನೋಡಬಾರದು.

ಯಾಕೆ ಸುಮ್ಮನಾದೆ?
ನಿನ್ನ ಬೆರಳು ಎಣಿಸುತ್ತಿದ್ದೀಯಾ? ಎಣಿಸು. ಹತ್ತಿದ್ದರೆ ಆಯಿತು.

"ಸೆಂಗಾ, ಶಾಲೆಯಲ್ಲಿ ಈಗ ಏನು ಹೇಳಲಿ?"

ಮೊಸಳೆಯೇ ಇರಲಿ ಬಿಡು.

ಸರಿ ಆಚೆ. ತೊಳೆದ ಗಾಡಿಯ ಬ್ರೇಕು ಸ್ವಲ್ಪ ಹೊತ್ತು ಕಿವುಡು,
ಎರಡು ಸಲ ಕರೆದರೂ ಓಗೊಡುವುದಿಲ್ಲ.
ಯಾರನ್ನೂ ಕೂರಿಸದೆ ಓಣಿಯಲ್ಲೇ ಎರಡು ಸುತ್ತು,
ಒತ್ತಿ, ಬಿಟ್ಟು, ಒತ್ತಿ,
ಒಳಗಿನ ಹಸಿ ಆರಿ, ಅದು ಹೂಂ ಅನ್ನುವ ತನಕ.
ಆಮೇಲೆ ದೊಡ್ಡ ರಸ್ತೆ, ಆಮೇಲೆ ಜನ,
ಆಮೇಲೆ ಮೂಲೆಯಲ್ಲಿ ಕಾದಿರುವ ಮೊದಲ ಕೆಸರಿನ ಗುಂಡಿ.

ಕೀ ಬಾಯಿಂದ ತೆಗೆದೆ. ಒರೆಸಿದೆ. ಹಾಕಿದೆ.
ಒದ್ದೆ.
ಕೆಮ್ಮಿತು. ಮತ್ತೆ ಒದ್ದೆ. ಮತ್ತೆ ಕೆಮ್ಮಿತು.

ಸೆನೋಗ,
ಆ ಚಿಂದಿ.